ತಂತಿಯ ಕೊನೆಯ ಚೀಟಿ

ಮಧ್ಯಾಹ್ನ ಮೂರರ ಹೊತ್ತಿಗೆ ತಂತಿಯ ಮೇಲೆ ಒಂದೇ ಒಂದು ಚೀಟಿ ಉಳಿಯಿತು. ಬೀಗ ರಿಪೇರಿ ಅಂಗಡಿಯ ಸೊಸೆ ಎಂಟು ತಿಂಗಳಿಂದ ಕಾಯುತ್ತಿದ್ದ ಗಳಿಗೆ ಅದು. ಎದ್ದವಳೇ ಗೋಡೆಯ ಮೂಲೆಯಲ್ಲಿ ತೂಗುತ್ತಿದ್ದ ಆ ಚೀಟಿಯ ಕ್ಲಿಪ್ಪು ಬಿಡಿಸಿ, ಬಾಗಿಲ ಪಕ್ಕದ ಮೊದಲ ಜಾಗಕ್ಕೆ ತಂದು ಸಿಕ್ಕಿಸಿದಳು. ಅರ ಹಿಡಿದು ಕೀಲಿ ಉಜ್ಜುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

ಆ ಅಂಗಡಿಯಲ್ಲಿ ಕೆಲಸಕ್ಕೆ ಹೊತ್ತುಗೊತ್ತಿಲ್ಲ, ಸರದಿ ಮಾತ್ರ ಉಂಟು. ಫೋನ್ ಮಾಡಿದವರಿಗೆಲ್ಲ ಒಂದೇ ಪ್ರಶ್ನೆ: "ತೆಗೀದಿದ್ರೆ ಏನಾಗುತ್ತೆ?" ಉತ್ತರ ಚೀಟಿಗೆ ಹೋಗುತ್ತದೆ, ಚೀಟಿ ತಂತಿಗೆ ಏರುತ್ತದೆ. ಮನುಷ್ಯರು ಒಳಗೆ ಸಿಕ್ಕಿಕೊಂಡಿದ್ದರೆ ಬಾಗಿಲ ಪಕ್ಕ, ಹೊರಗೆ ಉಳಿದಿದ್ದರೆ ಅದರ ಹಿಂದೆ, ಬರೀ ಸಾಮಾನು ಸಿಕ್ಕಿಕೊಂಡಿದ್ದರೆ ಗೋಡೆಯ ಕಡೆಗೆ. ಹೊಸ ಚೀಟಿ ಬಂದಾಗಲೆಲ್ಲ ಇಡೀ ಸಾಲು ಜರುಗುತ್ತದೆ. ಹಲ್ಲಿನ ಡಾಕ್ಟರ ಬಳಿ ಆರು ವರ್ಷ ಅಪಾಯಿಂಟ್‌ಮೆಂಟ್ ಬರೆದು ಬಂದ ಸೊಸೆ ಇದನ್ನು ನೋಡಿ ಹರಳೆಣ್ಣೆ ಕುಡಿದ ಮುಖ ಮಾಡಿದ್ದಳು. ಮೊದಲ ವಾರವೇ ಗೆರೆ ಹೊಡೆದು ವೇಳಾಪಟ್ಟಿ ಹಾಕಿದಳು: ಹತ್ತಕ್ಕೆ ದರ್ಜಿಯ ಬೀರು, ಹನ್ನೊಂದಕ್ಕೆ ವಕೀಲರ ಮೇಜು. ಹತ್ತೂಕಾಲಿಗೆ ಯಾರೋ ತಾಯಿ ಫೋನ್ ಮಾಡಿ, ಮಗು ಬಚ್ಚಲಲ್ಲಿ ಸಿಕ್ಕಿಕೊಂಡಿದೆ ಎಂದು ಅತ್ತಳು. ಸೊಸೆ ಅಭ್ಯಾಸಬಲದಿಂದ, "ನಾಲ್ಕಕ್ಕೆ ಖಾಲಿ ಇದೆ" ಎಂದುಬಿಟ್ಟಳು! ಅತ್ತೆ ಬೈಯಲಿಲ್ಲ. ಫೋನ್ ಕಿತ್ತುಕೊಂಡು ವಿಳಾಸ ಕೇಳಿ ಓಡಿದರು. ಮರಳಿ ಬಂದವರು ಆ ವೇಳಾಪಟ್ಟಿಯನ್ನು ನಾಲ್ಕು ಮಡಿಕೆ ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಡಿಗೆ ಕೊಟ್ಟರು. ಮೇಜು ಇಂದಿಗೂ ಅಲುಗಾಡುವುದಿಲ್ಲ.

ಅಂದಿನಿಂದ ಸೊಸೆ ತಂತಿಗೆ ಶರಣು. ಆದರೆ ಆ ಕೊನೆಯ ಚೀಟಿ ಅವಳ ತಲೆಗೆ ಹುಳ ಬಿಟ್ಟಿತ್ತು. "ಮನೆ. ಹಿತ್ತಾಳೆ ಬೀಗದ ಪೆಟ್ಟಿಗೆ" ಎಂದಷ್ಟೇ ಅದರಲ್ಲಿದೆ, ಉತ್ತರ ಬರೆಯುವ ಜಾಗ ಖಾಲಿ. ಕ್ಲಿಪ್ಪು ಕಚ್ಚಿ ಕಚ್ಚಿ ಮೇಲಂಚು ಜರಡಿಯಾಗಿದೆ. ಅಂಗೈಯಗಲದ ಪೆಟ್ಟಿಗೆ ಅಲ್ಲೇ ಕಪಾಟಿನ ಮೇಲಿದೆ. ಅತ್ತೆ ವಾರಕ್ಕೊಮ್ಮೆ ಅದನ್ನು ಇಳಿಸಿ, ಬೆನ್ನು ತಿರುಗಿಸಿ ಕೂತು, ಒರೆಸಿ ಎಣ್ಣೆ ಬಿಟ್ಟು ಮತ್ತೆ ಮೇಲಿಡುತ್ತಾರೆ. ಊರ ಬೀಗಗಳೆಲ್ಲ ಇವರ ಬೆರಳಿಗೆ ಬಾಯಿ ಬಿಡುತ್ತವೆ, ಮನೆಯ ಇದೊಂದಕ್ಕೆ ಪುರಸೊತ್ತಿಲ್ಲವೇ? ಸಾಲದ್ದಕ್ಕೆ ಈ ಚಳಿಗೆ ಅತ್ತೆಯ ಬೆರಳಿನ ಗಂಟುಗಳು ಊದಿಕೊಂಡಿದ್ದವು. ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿದರೇನೇ ಕೈ ಮಡಚುವುದು. ಇನ್ನೊಂದು ಚಳಿಗಾಲ ಕಳೆದರೆ ಪೆಟ್ಟಿಗೆ ಮುಚ್ಚಿಯೇ ಉಳಿಯುತ್ತದೆಂದು ಸೊಸೆಗೆ ನಿಜಕ್ಕೂ ಭಯವಾಗಿತ್ತು.

"ಸಾಲಲ್ಲಿ ಬೇರೆ ಯಾರೂ ಇಲ್ಲ ಅತ್ತೆ. ಇವತ್ತು ಇದರದ್ದೇ ಸರದಿ," ಎಂದು ಪೆಟ್ಟಿಗೆಯನ್ನು ಇಳಿಸಿ ಮೇಜಿನ ಮೇಲಿಟ್ಟಳು.

"ತೆಗೀದಿದ್ರೆ ಏನಾಗುತ್ತೆ?"

"ಅದನ್ನ ನೀವು ಹೇಳ್ಬೇಕು. ಗಿರಾಕಿ ನೀವೇ ಅಲ್ವಾ?"

ಅತ್ತೆಗೆ ನಗು ಬಂತು. "ಊರಿಗೆಲ್ಲ ಬೀಗ ಹಾಕಬಹುದು, ನಿನ್ನ ಬಾಯಿಗೆ ಆಗಲ್ಲ ಕಣೇ." ಅರ ಕೆಳಗಿಟ್ಟು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. "ಇದು ನಿನ್ನ ಮಾವ ಮಾಡಿದ ಕೊನೇ ಬೀಗ. ಹಾಕಿ, ಕೀಲಿ ಕರಗಿಸಿಬಿಟ್ರು. 'ಇದನ್ನ ತೆಗೆದ ದಿನ ನಾನು ನಿನಗೆ ಕಲಿಸೋದು ಮುಗೀತು' ಅಂತ ಕೈಗೆ ಕೊಟ್ರು. ಆಮೇಲೆ ಆರು ತಿಂಗಳೂ ಇರ್ಲಿಲ್ಲ."

"ಒಳಗೇನಿದೆ?"

"ಅಲ್ಲಾಡಿಸಿ ನೋಡು."

ಸೊಸೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಏನೂ ಸದ್ದಿಲ್ಲ. "ಬರೀ ಖಾಲಿ! ಹಾಗಾದ್ರೆ... ನಿಮ್ಮ ಕೈಲಿ ತೆಗೆಯೋಕೆ ಆಗ್ಲಿಲ್ವಾ ಅತ್ತೆ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಎರಡು ತೆಳ್ಳನೆಯ ಉಕ್ಕಿನ ಕಡ್ಡಿಗಳನ್ನು ಬೀಗದೊಳಗೆ ಬಿಟ್ಟು ಕಣ್ಣು ಮುಚ್ಚಿದರು. ಊದಿದ ಬೆರಳುಗಳು ಮೊದಲು ನಡುಗಿದವು, ಆಮೇಲೆ ಹದಕ್ಕೆ ಬಂದವು. ಒಳಗೆ ಟಿಕ್ ಎಂದಿತು. ಇನ್ನೊಮ್ಮೆ. ಮೂರನೆಯ ಸಲಕ್ಕೆ ಬೀಗದ ನಡು ಅರ್ಧ ತಿರುಗಿತು. ಸೊಸೆ ಮೇಜಿನ ಮೇಲೆ ಬಾಗಿದಳು. ಇನ್ನು ಒಂದು ಕೂದಲೆಳೆಯಷ್ಟು ಬಾಕಿ. ಅಲ್ಲಿಗೆ ಅತ್ತೆ ಕಡ್ಡಿಗಳನ್ನು ಹಿಂದಕ್ಕೆ ಎಳೆದುಕೊಂಡರು. ಬೀಗ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

"ಎಣ್ಣೆ ಬಿಡೋ ನೆಪದಲ್ಲಿ ಪ್ರತಿ ವಾರ ಇಲ್ಲೀತನಕ ಬರ್ತೀನಿ," ಎಂದರು. ಕಡ್ಡಿಗಳನ್ನು ಮೇಜಿನ ಮೇಲಿಟ್ಟು, "ಊರವರಿಗೆಲ್ಲ ಒಂದು ಪ್ರಶ್ನೆ ಕೇಳ್ತೀವಲ್ಲ, ಅದನ್ನ ಒಂದ್ಸಲ ತಿರುಗಿಸಿ ಕೇಳು ನೋಡೋಣ. ತೆಗೆದ್ರೆ ಏನಾಗುತ್ತೆ?"

ಸೊಸೆಗೆ ಉತ್ತರ ಗೊತ್ತಿತ್ತು: ಮಾವನ ಪಾಠ ಅಲ್ಲಿಗೆ ಮುಗಿದುಹೋಗುತ್ತದೆ. ಹಳೆಯ ಚೀಟಿಯನ್ನು ತಂತಿಯಿಂದ ತೆಗೆಯಲು ಹೋದರೆ ಅಂಚು ಹರಿದು ಕೈಗೆ ಬಂತು. ಅವಳು ಹೊಸ ಚೀಟಿ ತೆಗೆದುಕೊಂಡು, "ಮನೆ. ಹಿತ್ತಾಳೆ ಬೀಗದ ಪೆಟ್ಟಿಗೆ" ಎಂದು ತನ್ನ ಕೈಬರಹದಲ್ಲಿ ಬರೆದಳು. ಉತ್ತರದ ಜಾಗವನ್ನು ಖಾಲಿ ಬಿಟ್ಟಳು. ಗೋಡೆಯ ಮೂಲೆಗೆ ಹೋಗಿ ಕ್ಲಿಪ್ಪು ಸಿಕ್ಕಿಸಿ ಬಂದಳು.

ಅತ್ತೆ ಅದನ್ನೇ ನೋಡುತ್ತಿದ್ದವರು, ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡು, ಆ ಎರಡು ಕಡ್ಡಿಗಳನ್ನು ಮೇಜಿನಗುಂಟ ಅವಳ ಕಡೆಗೆ ತಳ್ಳಿದರು.

"ಬಾ, ಕೂತ್ಕೋ. ಅರ್ಧದ ತನಕ ಕಲಿಸ್ತೀನಿ."