ನೂರಾ ಇಪ್ಪತ್ತೇಳರ ಸನಾದಿ

ಸನಾದಿಯ ಸದ್ದು ಇನ್ನೂ ಏರಬೇಕು ಎಂದು ಹೇಮಪ್ಪಜ್ಜ ಹೇಳಿದ್ದು ಇದು ನಾಲ್ಕನೆಯ ಸಲ. ಯಲಬುರ್ಗಾದ ತನ್ನ ಕೋಣೆಯಲ್ಲಿ ಸಂಗೀತದ ಟೀಚರ್ ಸಹನಾ ಲ್ಯಾಪ್‌ಟಾಪಿನ ಪರದೆಯ ಮೇಲೆ ಸನಾದಿಯ ಚಾನೆಲ್ಲನ್ನು ಮೇಲಕ್ಕೆ ತಳ್ಳಿದಳು. ಅದು ನೂರಾ ಇಪ್ಪತ್ತೇಳಕ್ಕೆ ಹೋಗಿ ನಿಂತಿತು. ಅದರಾಚೆಗೆ ಸ್ವರಲಿಪಿಯ ಆ ಸಾಫ್ಟ್‌ವೇರಿನಲ್ಲಿ ಅಂಕಿಯೇ ಇರಲಿಲ್ಲ.

ತಳಕಲ್ಲಿನ ಕರಡಿ ಮಜಲಿನ ಮೇಳದಲ್ಲಿ ಮುಂದೆ ನಿಂತು ಸನಾದಿ ಊದುವವನು ಅಜ್ಜ. ಅವನೊಬ್ಬನಿಗೇ ಬರುತ್ತಿದ್ದ ಹಳೆಯ ಮಟ್ಟೊಂದನ್ನು ಸಹನಾ ತಿಂಗಳುಗಟ್ಟಲೆ ಕೂತು ಬರೆದಿದ್ದಳು. ಒಬ್ಬೊಬ್ಬರ ವಾದ್ಯಕ್ಕೂ ಒಂದೊಂದು ಚಾನೆಲ್. ಕರಡಿಯೆಂಬ ವಾದ್ಯ ಆ ಸಾಫ್ಟ್‌ವೇರಿಗೆ ಗೊತ್ತಿಲ್ಲದ್ದರಿಂದ ಯಾವುದೋ ದೊಡ್ಡ ಡೋಲಿನ ಸದ್ದು ಹಾಕಿ, ಮೇಲೆ ಬಾರಿಸುವವನ ಹೆಸರನ್ನೇ ಬರೆದಿದ್ದಳು: ವಿರುಪಣ್ಣ. ತಾಳಕ್ಕೆ ಗಾಳೇಶ.

ಕರಡಿಯ ಸದ್ದಿನ ನಡುವೆ ತನ್ನ ಸನಾದಿ ತನಗೇ ಕೇಳದವನು ಹಿಂದೆ ಸರಿಯಬೇಕು ಎಂಬುದು ಆ ಮೇಳದ ನೇಮ. ಅಜ್ಜ ತನ್ನ ಗುರುವನ್ನೂ ಹಾಗೆಯೇ ಸರಿಸಿ ಮುಂದೆ ಬಂದವನು. ಅವನ ಬಾಯಿಯೂ ಸಣ್ಣದಲ್ಲ. ಒಂದು ವರ್ಷದಿಂದ ಮೇಳದವರಿಗೆ ಕೈಯಲ್ಲಿ ಕಸುವೇ ಇಲ್ಲ, ಸತ್ತವರ ಹಾಗೆ ಬಾರಿಸುತ್ತಾರೆ ಎಂದು ಬೆಳಿಗ್ಗೆಯಿಂದ ಬೈಯುತ್ತಲೇ ಇದ್ದ.

ಸಹನಾ ಮತ್ತೆ ಮೊದಲಿನಿಂದ ನುಡಿಸಿದಳು. ಸನಾದಿ ಎಷ್ಟು ಜೋರಾಗಿ ಚೀರಿತೆಂದರೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು. ಅಜ್ಜ ಕಿವಿಯನ್ನು ಲ್ಯಾಪ್‌ಟಾಪಿಗೆ ತಾಗಿಸಿಕೊಂಡು, ಇನ್ನೂ ಎಂದು ಕೈಸನ್ನೆ ಮಾಡಿದ. ಅಜ್ಜನ ಕಿವಿ ಮಂದವಾಗಿದೆ ಎಂದು ಆಗ ಅವಳಿಗೆ ತಿಳಿಯಿತು. ಹೇಳುವ ಧೈರ್ಯವಾಗದೆ ಅವಳು ವಿರುಪಣ್ಣನನ್ನು ಎಂಬತ್ತಕ್ಕೆ ಇಳಿಸಿದಳು. ಆಮೇಲೆ ಅರವತ್ತಕ್ಕೆ, ನಲವತ್ತಕ್ಕೆ. ಗಾಳೇಶನನ್ನೂ ಅಷ್ಟೇ ತಗ್ಗಿಸಿದಳು.

ಅಜ್ಜನ ಮುಖ ಬಿಚ್ಚಿಕೊಂಡಿತು. ಕಣ್ಣು ಮುಚ್ಚಿದ. ಅವನೀಗ ಯಲಬುರ್ಗಾದ ಆ ಕೋಣೆಯಲ್ಲಿರಲಿಲ್ಲ. ಬೆಳಗಿನ ಮಂಜಿನಲ್ಲಿ, ಬಿಳಿಜೋಳದ ಹೊಲಗಳ ನಡುವಿನ ದಾರಿಯಲ್ಲಿ, ಯಾವುದೋ ಮದುವೆಯ ದಿಬ್ಬಣದ ಮುಂದೆ ನೆಲ ಸೋಕದಂತೆ ನಡೆಯುತ್ತಿದ್ದ. ಇಲ್ಲದ ಸನಾದಿಯ ತೂತುಗಳನ್ನು ಬೆರಳುಗಳು ಮೊಣಕಾಲ ಮೇಲೆ ಮುಚ್ಚಿ ತೆಗೆಯುತ್ತಿದ್ದವು. ಮಟ್ಟು ಮುಗಿದ ಮೇಲೆ ಕಣ್ಣು ತೆರೆದ.

"ಈಗ ಛಲೋ ಕೇಳ್ತು ನೋಡು. ಏನು ಮಾಡಿದಿ ಯವ್ವಾ?"

ಸಹನಾಳಿಗೆ ಸುಳ್ಳು ಬರುವುದಿಲ್ಲ. "ನಿಮ್ಮದನ್ನ ಏರಿಸಾಕ ಜಾಗ ಉಳಿದಿರಲಿಲ್ರಿ ಅಜ್ಜಾರ. ಉಳಿದವರನ್ನ ಇಳಿಸೀನಿ."

ಅಜ್ಜ ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ನೋಡಿದ. ವಿರುಪಣ್ಣನ ಮುಂದೆ ಬೆರಳಿಟ್ಟು ಅದೆಷ್ಟು ಎಂದು ಕೇಳಿದ. ನಲವತ್ತು ಎಂದಳು. ಅವನು ಮೆಲ್ಲಗೆ, ಯಾರನ್ನೂ ನೋಡದೆ ಮಾತಾಡಿದ.

"ವರ್ಷ ಆತು. ನಾ ಸನಾದಿ ಬಾಯಿಗಿಟ್ಟೆ ಅಂದ್ರ ವಿರುಪಣ್ಣ ಕೋಲು ಬಿಟ್ಟು ಬರೇ ಬೆರಳಿಲೆ ಬಾರಸ್ತಾನ. ರೊಟ್ಟಿ ತಿಂದಿಲ್ಲೇನಲೇ ಅಂತ ಮಂದ್ಯಾಗ ಬೈದೀನಿ ಅವಗ. ತಲಿ ಕೆಳಗ ಹಾಕಿ ನಗತಿದ್ದ."

ಹೊರಗೆ ಪಾರಿವಾಳ ಮರಳಿ ಬಂದು ಕೂತಿತು. ಎಲ್ಲರನ್ನೂ ಮೊದಲಿದ್ದಲ್ಲಿಗೇ ಏರಿಸು ಎಂದ ಅಜ್ಜ.

"ಹಂಗ ಮಾಡಿದ್ರ ನಿಮಗ ಕೇಳೂದಿಲ್ರಿ."

"ಅವರದು ಊರಿಗೆ ಕೇಳಬೇಕಲ್ಲವ್ವಾ."

ಕರಡಿಯ ಸದ್ದು ಕೋಣೆ ತುಂಬಿತು. ಅಜ್ಜ ಮತ್ತೆ ಕಣ್ಣು ಮುಚ್ಚಿದ. ಸಹನಾ ಒಮ್ಮೆ ಪರದೆಯ ಮೇಲೆ ಓಡುವ ಸ್ವರಗಳನ್ನು, ಒಮ್ಮೆ ಅವನ ಮೊಣಕಾಲನ್ನು ನೋಡುತ್ತ ಕೂತಳು. ಅವನಿಗೆ ಕೇಳಿಸದ ಸನಾದಿಯ ಒಂದು ಸ್ವರವನ್ನೂ ಆ ಬೆರಳುಗಳು ತಪ್ಪಲಿಲ್ಲ.