ಎದೆಯ ಅಳತೆ

ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ ನಂಜುಂಡೇಶ್ ಅಂಗಿ ಬಿಚ್ಚಿದ. ಟೇಪನ್ನು ತನ್ನ ಎದೆಗೇ ಸುತ್ತಿದ. ಮೂವತ್ತೇಳೂವರೆ. ಯುಗಾದಿಗೆ ಮೂವತ್ತಾರಿತ್ತು.

ಕಂಪಲಾಪುರದ ಬಸ್‌ಸ್ಟ್ಯಾಂಡಿನ ಪಕ್ಕ ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದ ಅವನು ಗಂಡಸಿನ ಎದೆ ಹೀಗೆ ಬೆಳೆದದ್ದನ್ನು ಕಂಡಿರಲಿಲ್ಲ. ಎಡಗಡೆ ಅಡಿಕೆ ಗಾತ್ರದ ಗಂಟು. ಅಂಗಿ ತಾಗಿದರೂ ಜೀವ ಹಿಂಡುವ ನೋವು. ನಿನ್ನೆ ಒತ್ತಿ ನೋಡಿದಾಗ ಬೆಳ್ಳನೆಯ ಹನಿಯೊಂದು ಒಸರಿತ್ತು.

ಅವ್ವ ಶಿವನಂಜಮ್ಮನಿಗೂ ಇಂಥದೇ ಗಂಟಿನಿಂದ ಶುರುವಾಗಿತ್ತು. ಒಂಬತ್ತೇ ತಿಂಗಳು. ಮಣ್ಣು ಕೊಟ್ಟವನು ಅವನೇ.

ಸಾಯುವುದಕ್ಕೆ ಅವನೇನೂ ಅಂಜುತ್ತಿರಲಿಲ್ಲ. ತಾನು ಹೋದರೆ ಶಿವಾನಿಯ ಗತಿಯೇನು? ತಲೆ ಸರಿಯಿಲ್ಲದ ಹೆಂಡತಿಯನ್ನು ಯಾರು ನೋಡಿಕೊಂಡಾರು?

ಮೂರು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ದೊಡ್ಡಬೀರಯ್ಯ ಗೋಡೆಯಾಚೆಯಿಂದ ಹಗಲೆಲ್ಲ ನಂಜುಂಡೇಶನನ್ನು ಬೈಯುತ್ತಿದ್ದ ಕಾಲ. ಶಿವಾನಿ ಊಟ ಬಿಟ್ಟಳು, ಸೊರಗಿ ಕಡ್ಡಿಯಾದಳು. "ಯಾರೂ ಬೈತಿಲ್ಲ ಕಣ್ರೀ" ಎಂದು ಅವನ ಕಾಲು ಹಿಡಿದು ಅಳುತ್ತಿದ್ದಳು. ಗೋಡೆಯಾಚೆಯ ಬೈಗುಳವೂ ಕೇಳಿಸದಷ್ಟು ಅವಳ ತಲೆ ಕೆಟ್ಟಿತ್ತು, ಪಾಪ. ಕೊನೆಗೆ ಒಬ್ಬಳೇ ಮೈಸೂರಿಗೆ ಹೋಗಿ ಡಾಕ್ಟರನ್ನು ಕಂಡು, ತೊಟ್ಟು ತೊಟ್ಟಾಗಿ ಹಾಕುವ ಔಷಧಿ ತಂದಳು. "ತಲೆಗೆ ಕೊಟ್ಟವ್ರೆ" ಎಂದಷ್ಟೇ ಹೇಳಿದಳು. ಆ ಔಷಧಿ ಬಂದ ಮೇಲೆ ಮನೆ ತಣ್ಣಗಾಯಿತು. ದೊಡ್ಡಬೀರಯ್ಯನೂ ಬಾಯಿ ಮುಚ್ಚಿದ. ಶಿವಾನಿ ಮತ್ತೆ ನಗತೊಡಗಿದಳು. ದಿನವೂ ತಾನೇ ಕಾಫಿ ಬೆರೆಸಿ ತಂದು, ಅವನು ಕುಡಿದು ಮುಗಿಸುವವರೆಗೂ ಎದುರಿಗೇ ಕೂರುವಳು.

ಅವಳ ಆ ನಗುವನ್ನು ಕೆಡಿಸಬಾರದೆಂದು ನಂಜುಂಡೇಶ್ ಬಾಯಿ ಬಿಡಲಿಲ್ಲ. ತನಗೆ ಸಡಿಲ ಅಂಗಿಗಳನ್ನು ಹೊಲಿದುಕೊಂಡ. "ಏನ್ಲಾ, ಜೇಬಲ್ಲಿ ನಿಂಬೆಅಣ್ಣು ಮಡಗಿದ್ದೀಯಾ?" ಎಂದು ಗಿರಾಕಿ ಕಂಠಪ್ಪ ನಕ್ಕ ದಿನ ಅಂಗಡಿ ಮುಚ್ಚಿ ಹುಣಸೂರಿನ ಸೇತುವೆಯವರೆಗೂ ಹೋದ. ಕೆಳಗೆ ಲಕ್ಷ್ಮಣತೀರ್ಥ ತುಂಬಿ ಹರಿಯುತ್ತಿತ್ತು. ಕಂಬಿ ಹಿಡಿದು ನಿಂತ. ಶಿವಾನಿ ಉಣ್ಣದೆ ಕಾಯುತ್ತಿರುತ್ತಾಳೆ ಎಂಬುದೊಂದೇ ಅವನನ್ನು ವಾಪಸು ಬಸ್ಸು ಹತ್ತಿಸಿತು.

ಭಾನುವಾರ ಸ್ನಾನದ ಮನೆಗೆ ಟವೆಲ್ ಕೊಡಲು ಬಂದ ಶಿವಾನಿ ಅವನ ಎದೆ ನೋಡಿಬಿಟ್ಟಳು.

"ಎಷ್ಟ್ ದಿನದಿಂದ್ರೀ?"

"ಯುಗಾದಿಯಿಂದ."

ಅವಳು ಅಲ್ಲೇ ಕುಸಿದಳು. "ನನ್ನಿಂದ್ಲೇ ಆಗೋಯ್ತು. ನಾನೇ ಮಾಡ್ಬುಟ್ಟೆ."

ಅವಳ ತಲೆಯ ಕಾಯಿಲೆ ಮರುಕಳಿಸಿತೆಂದು ನಂಜುಂಡೇಶನ ಎದೆ ಒಡೆಯಿತು. "ನಿಂದೇನೂ ತಪ್ಪಿಲ್ಲ, ಸುಮ್ನಿರು" ಎಂದು ಅವಳ ತಲೆ ಸವರಿದ.

ಮಾರನೆಯ ದಿನ ಅವಳೇ ಅವನನ್ನು ಹುಣಸೂರಿಗೆ ಎಳೆದೊಯ್ದಳು. ಡಾಕ್ಟರ್ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು.

"ಕ್ಯಾನ್ಸರ್ ಅಲ್ಲ. ಬರೀ ಗ್ರಂಥಿ ಊದಿದೆ, ಜೀವಕ್ಕೇನೂ ಭಯವಿಲ್ಲ."

ನಂಜುಂಡೇಶ್ ಮಗುವಿನಂತೆ ಅತ್ತುಬಿಟ್ಟ. ಶಿವಾನಿ ಅಳಲಿಲ್ಲ. ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

"ಯಾವ ಔಷಧಿ ತಗೋತೀರಿ?"

"ನಾನಾ? ಯಾವ್ದೂ ಇಲ್ಲ ಸಾರ್. ನಮ್ಮನೆಯೋಳು ತಗೋತಾಳೆ, ತಲೆಗೆ. ಮೂರು ವರ್ಷ ಆಯ್ತು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಚೀಟಿ ಇದೆಯೇನಮ್ಮ?"

"ಅದನ್ನ ನಿಲ್ಸ್‌ಬ್ಯಾಡಿ ಸಾರ್" ಎಂದಳು ಶಿವಾನಿ. "ನಿಲ್ಸುದ್ರೆ ನಮ್ಮ ಬಾಳು ಮತ್ತೆ ನರಕ ಆಯ್ತದೆ."

"ನಿಲ್ಲಿಸೋದಲ್ಲಮ್ಮ, ಮೈಸೂರಿನ ಡಾಕ್ಟರನ್ನೇ ಕೇಳಿ ಬೇರೆ ಬದಲಾಯಿಸಬಹುದು. ತಲೆಗೆ ಕೊಡೋ ಕೆಲವು ಔಷಧಿಗಳಿಂದ ಎದೆ ಊದುತ್ತೆ, ಹಾಲೂ ಬರುತ್ತೆ." ಅವರು ಶಿವಾನಿಯತ್ತ ತಿರುಗಿದರು. "ಆದರೆ ಅದು ಕುಡಿದವರಿಗೆ ಮಾತ್ರ."

ಶಿವಾನಿ ಚೀಲದಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಡಾಕ್ಟರಿಗೆ ಕೊಡಲಿಲ್ಲ. ಗಂಡನ ಕೈಗೇ ಇಟ್ಟಳು.

"ನಿಮ್ಗೆ ಅಂತ ಯೋಳಿದ್ರೆ ವಿಷ ಅಂತ ಎಸೀತಿದ್ರಿ ಕಣ್ರೀ."

ನಂಜುಂಡೇಶ್ ಚೀಟಿ ಬಿಡಿಸಿದ. ರೋಗಿಯ ಹೆಸರಿನ ಜಾಗದಲ್ಲಿ ಅವನ ಹೆಸರಿತ್ತು.