ಟ್ರಾಲಿಯ ಕೆಳಗೆ ಆಯಿ ಮತ್ತು ಮೋತಿ

ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವಿನ ವಾಸನೆ ಬಂದರೆ ಈಗಲೂ ನನ್ನ ಕೈ ಯಾರದೋ ಕಿವಿ ಹುಡುಕುತ್ತದೆ.

ಐಗಳಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸಲು ಕಾಕಾ ಕಬ್ಬಿಣದ ಪೈಪಿಗೆ ಕಾರ್ಬೈಡ್ ತುಂಬಿ, ನೀರು ಹನಿಸಿ, ಕಿಡಿ ತಾಗಿಸಿ ಢಮ್ಮೆನಿಸುತ್ತಿದ್ದ. ಸದ್ದಾದಾಗಲೆಲ್ಲ ನಮ್ಮ ನಾಯಿ ಮೋತಿ ಟ್ರ್ಯಾಕ್ಟರ್ ಟ್ರಾಲಿಯ ಕೆಳಗೆ ನುಗ್ಗಿ ನಡುಗುತ್ತಿತ್ತು.

"ಪೈಪಿನ ಬಾಜೂಕ ಕಟ್ಟ, ನಾಲ್ಕ ದಿನದಾಗ ರೂಢಿ ಆಗತೈತಿ," ಅಂದ ಕಾಕಾ. ಕಟ್ಟಿದವಳು ನಾನೇ. ಮೊದಲ ಸದ್ದಿಗೇ ಮೋತಿ ಹಗ್ಗ ಹರಿದುಕೊಂಡು ಟ್ರಾಲಿಯ ಕೆಳಗೆ ಸೇರಿತು. ಕೊರಳು ತರಚಿತ್ತು. ನಾನು ಕಾಲು ಹಿಡಿದು ಎಳೆದೆ.

"ಎಳೀಬ್ಯಾಡ ಬೇ," ಅಂದಳು ಅಪ್ಪನ ತಾಯಿ, ನಮ್ಮ ಆಯಿ. "ಅಂಜಿದವರ ಜತಿ ಕುಂದರಬೇಕ."

ಸೀರೆಯ ಕಚ್ಚೆ ಬಿಗಿದು ತಾನೇ ಒಳಗೆ ತೆವಳಿದಳು. ಮೋತಿಯ ಮುಂದೆ ರೊಟ್ಟಿಯ ಚೂರಿಟ್ಟಳು; ಅದು ಮೂಸಲೂ ಇಲ್ಲ. ಆಗ ಎರಡೂ ಕೈಯಿಂದ ಅದರ ಕಿವಿ ಮುಚ್ಚಿ, ಬಿಸಿ ಮಣ್ಣಿನ ಮೇಲೆ ಸುಮ್ಮನೆ ಕುಳಿತಳು.

ಢಮ್! ಮೋತಿಯ ಜತೆ ಆಯಿಯೂ ಬೆಚ್ಚಿಬಿದ್ದಳು.

"ಆಯಿ, ನಿನಗೂ ಅಂಜಿಕಿ ಏನ?"

"ಅದನ್ನ ಯಾರ ಕೇಳ್ಯಾರ?" ಅಂದಳು, ಕಣ್ಣು ತೆರೆಯದೆ.

ನಾನೂ ಒಳಗೆ ತೆವಳಿ, ಹಿಂದಿನಿಂದ ಆಕೆಯ ಕಿವಿ ಮುಚ್ಚಿದೆ. ಮುಂದಿನ ಸದ್ದಿಗೆ ಮೋತಿ ಅಷ್ಟಾಗಿ ನಡುಗಲಿಲ್ಲ. ಆಯಿಯ ಬೆಂಡೋಲೆ ಮಾತ್ರ ನನ್ನ ಅಂಗೈಯೊಳಗೆ ನಡುಗುತ್ತಲೇ ಇತ್ತು.